ಏಳು ತೂಗಿನ ದೂರ

ಇವತ್ತು ಎಷ್ಟು ಎಂದು ಕೇಳದೆ ನಮ್ಮೂರಿನಲ್ಲಿ ಯಾರೂ ಬೆಳಗಿನ ಕಾಫಿ ಮುಗಿಸುವುದಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡುವವಳು ನಾನು. ವಿಮಾನ ಇಳಿಯುವ ಬಯಲಿನ ಗೇಟಿಗೆ ಒಂದು ಕಪ್ಪು ಹಲಗೆ ತಗುಲಿಹಾಕಿದ್ದಾರೆ. ಬೆಳಿಗ್ಗೆ ಏಳೂವರೆಗೆ ಸರಿಯಾಗಿ ಅದರ ಮೇಲೆ ಸೀಮೆಸುಣ್ಣದಲ್ಲಿ ಎರಡು ಸಾಲು ಬರೆಯುತ್ತೇನೆ. ಮೊದಲ ಸಾಲು, ಆಚೆಯೂರು ಈ ದಿನ ಎಷ್ಟು ದೂರದಲ್ಲಿದೆ ಎಂಬುದು. ಎರಡನೆಯದು, ಅಲ್ಲಿಗೆ ಹಾರಲು ಎಷ್ಟು ಹೊತ್ತು ಬೇಕು ಎಂಬುದು. ಇಂದುಮತಿಯ ಅಕ್ಷರ ದುಂಡಗಿದೆ ಎಂದು ಜನ ಹೊಗಳುತ್ತಾರೆ. ಅಕ್ಷರ ನೋಡಲೆಂದು ಯಾರೂ ಬರುವುದಿಲ್ಲ ಎಂಬುದು ನನಗೂ ಗೊತ್ತು.

ಆಚೆಯೂರು ಇವತ್ತು ಇದ್ದಷ್ಟು ದೂರದಲ್ಲಿ ನಾಳೆ ಇರುವುದಿಲ್ಲ. ಬೆಳಕು ಹರಿಯುವ ಮುಂಚೆ ಅದು ಹತ್ತಿರ ಬಂದರೂ ಬಂತು, ಆಚೆ ಸರಿದರೂ ಸರಿಯಿತು. ಸೂರ್ಯ ಮೇಲೆ ಬಂದನೆಂದರೆ ಮರುದಿನದ ತನಕ ಅಲುಗುವುದಿಲ್ಲ. ನಮ್ಮ ತಾತನ ಕಾಲದಲ್ಲೂ ಹೀಗೇ ಇತ್ತು, ಹಾಗಾಗಿ ಯಾರೂ ಇದಕ್ಕೆ ತಲೆ ಕೆಡಿಸಿಕೊಂಡಿಲ್ಲ. ಲಗ್ನಪತ್ರಿಕೆಯಲ್ಲಿ ಮುಹೂರ್ತದ ಕೆಳಗೆ ‘ಒಂಬತ್ತು ತೂಗಿನ ಒಳಗಿದ್ದರೆ’ ಎಂದು ಅಚ್ಚು ಹಾಕಿಸುತ್ತಾರೆ. ಹೂವಿನವರು ಐದರೊಳಗಿದ್ದರೆ ಮಲ್ಲಿಗೆ ಕಳಿಸುತ್ತಾರೆ, ಮೇಲಾದರೆ ಕನಕಾಂಬರ. ನಾದಿನಿಯ ಮನೆಯ ಗೃಹಪ್ರವೇಶಕ್ಕೆ ಹೋಗಲು ಮನಸ್ಸಿಲ್ಲದವರು ಬೆಳಿಗ್ಗೆ ಎದ್ದು ಬಂದು ಹಲಗೆಯ ಮುಂದೆ ನಿಂತು, ಹದಿಮೂರಾಗಲಿ ದೇವರೇ ಎಂದು ಬೇಡಿಕೊಳ್ಳುವುದನ್ನು ಕಣ್ಣಾರೆ ಕಂಡಿದ್ದೇನೆ. ಅಂಥವರ ಎದುರಿಗೆ ನಾಲ್ಕೂವರೆ ಎಂದು ಬರೆಯುವಾಗ ನನಗೆ ಒಳಗೊಳಗೇ ಖುಷಿ.

ತೂಗು ಎಂದರೆ ನನ್ನ ಮೇಜಿನ ಮೇಲೆ ದಾರದಲ್ಲಿ ನೇತಾಡುವ ಹಿತ್ತಾಳೆ ಗುಂಡು ಒಮ್ಮೆ ಆ ಕಡೆಗೆ ಹೋಗಿ ಈ ಕಡೆಗೆ ಬರುವಷ್ಟು ಹೊತ್ತು. ಎರಡು ಊರಿನ ನಡುವೆ ಒಂದೇ ಒಂದು ಟೆಲಿಫೋನ್ ತಂತಿ ಇದೆ. ಅದರ ಈ ತುದಿಯಲ್ಲಿ ನಾನು ಕೂತು ‘ಇದ್ದೀರಾ?’ ಎಂದು ಕೇಳಿ ಗುಂಡು ಬಿಡುತ್ತೇನೆ. ಆ ತುದಿಯಲ್ಲಿರುವವರು ಕಿವಿಗೆ ಬಿದ್ದ ಕೂಡಲೇ ‘ಇದ್ದೀನಿ’ ಎನ್ನಬೇಕು. ನನ್ನ ಮಾತು ಹೋಗಿ ಅವರ ಮಾತು ಬರುವುದರೊಳಗೆ ಗುಂಡು ಎಷ್ಟು ಸಲ ತೂಗಿತೋ ಅದೇ ಆ ದಿನದ ದೂರ. ಒಂದು ತೂಗಿಗೆ ಐವತ್ತು ಮೈಲಿ. ನಮ್ಮ ವಿಮಾನ ಗಂಟೆಗೆ ನಾಲ್ಕು ತೂಗು ಹಾರುತ್ತದೆ. ಎಣಿಸಿದ್ದನ್ನು ನಾನು ತಂತಿಯಲ್ಲಿ ಹೇಳುತ್ತೇನೆ, ಅವರು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ಇಬ್ಬರೂ ಫೋನ್ ಇಡುತ್ತೇವೆ. ಇದರ ಹೊರತು ಆ ತಂತಿಯಲ್ಲಿ ಒಂದು ಮಾತೂ ಆಡುವ ಹಾಗಿಲ್ಲ. ಬೇರೆ ಮಾತು ಆಡಿದರೆ ದೂರ ಕೆಡುತ್ತದೆ ಎಂಬುದು ಹಿಂದಿನವರು ಹಾಕಿಟ್ಟ ಕಟ್ಟು. ಕೇಳುವ ಹಕ್ಕು ನಮ್ಮೂರಿನದು, ಹೇಳುವ ಕೆಲಸ ಅವರೂರಿನದು.

ಹತ್ತೊಂಬತ್ತು ವರ್ಷದಿಂದ ಆ ತುದಿಯಲ್ಲಿ ‘ಇದ್ದೀನಿ’ ಎನ್ನುತ್ತಿರುವವರು ದಸ್ತಗೀರ್ ಸಾಹೇಬರು. ನಾನು ಅವರ ಮುಖ ನೋಡಿರಲಿಲ್ಲ. ಅವರ ಬಾಯಿಂದ ಆ ಒಂದು ಮಾತು ಬಿಟ್ಟು ಬೇರೇನೂ ಕೇಳಿರಲಿಲ್ಲ. ಆದರೆ ರಂಜಾನಿಗೆ ಪೈಲಟ್ ರೊಸಾರಿಯೊ ಕೈಯಲ್ಲಿ ಖರ್ಜೂರ ಕಳಿಸುತ್ತಿದ್ದರು. ಸಂಕ್ರಾಂತಿಗೆ ನಾನು ಎಳ್ಳುಬೆಲ್ಲದ ಜೊತೆ ಕೋಡುಬಳೆ ಕಳಿಸುತ್ತಿದ್ದೆ. ಕೋಡುಬಳೆಗೆ ಖಾರ ಸಾಲದು ಎಂದು ಒಂದು ವರ್ಷ ಚೀಟಿ ಬಂದಿತ್ತು. ಮರುವರ್ಷ ಕಣ್ಣಲ್ಲಿ ನೀರು ಬರುವಷ್ಟು ಖಾರ ಹಾಕಿ ಕಳಿಸಿದೆ, ಈಗ ಸರಿಯಾಯಿತು ಎಂದು ಚೀಟಿ ಬಂತು. ಇಷ್ಟೇ ನಮ್ಮ ಪರಿಚಯ. ಆದರೂ ಬೆಳಿಗ್ಗೆ ಎದ್ದು ಮೊದಲು ಮಾತಾಡಿಸುವುದು ಅವರನ್ನೇ ಆದ್ದರಿಂದ, ಅವರು ನಮ್ಮ ಮನೆಯವರಲ್ಲ ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ನಮ್ಮ ಮನೆಯವರೆಂದರೆ ನಿಜವಾಗಿ ನಾನು, ನನ್ನ ಅಮ್ಮ ಮತ್ತು ಶ್ರೀಪಾದ. ಶ್ರೀಪಾದ ನನ್ನ ಗಂಡ. ಆಚೆಯೂರಿನಲ್ಲಿ ಕನ್ನಡಕದ ಗಾಜು ಉಜ್ಜುವ ಕೆಲಸ. ಆ ಕೆಲಸ ನಮ್ಮೂರಿನಲ್ಲಿಲ್ಲ, ನನ್ನ ಕೆಲಸ ಅವರೂರಿನಲ್ಲಿಲ್ಲ. ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಾರೆ. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಅವರು ನೂರಾರು ಸಲ ಹಾರಿರಬೇಕು. ದಿನಾ ಬೆಳಿಗ್ಗೆ ನಾನು ಈ ಮೇಜಿನ ಮುಂದೆ ಇರಲೇಬೇಕಾದ್ದರಿಂದ ಒಮ್ಮೆಯೂ ಹಾರಿರಲಿಲ್ಲ. ಹಾರುವ ಹೊತ್ತನ್ನು ಊರಿಗೆಲ್ಲ ಹೇಳುವವಳಿಗೆ ಹಾರುವುದೆಂದರೆ ಏನೆಂದೇ ಗೊತ್ತಿಲ್ಲ ಎಂದು ಶ್ರೀಪಾದ ಚುಡಾಯಿಸುತ್ತಿದ್ದರು. ಹೋಟೆಲಿನಲ್ಲಿ ಬಿಲ್ಲು ಬರೆಯುವವರೆಲ್ಲ ದೋಸೆ ಹುಯ್ಯುತ್ತಾರೆಯೇ ಎಂದು ನಾನು ತಿರುಗಿ ಕೇಳುತ್ತಿದ್ದೆ.

ಹೀಗಿರುವಾಗ ಒಂದು ಮಂಗಳವಾರ ‘ಇದ್ದೀರಾ?’ ಎಂದು ಕೇಳಿ ಗುಂಡು ಬಿಟ್ಟೆ. ಏಳಾಯಿತು, ಎಂಟಾಯಿತು. ಹಿಂದಿನ ದಿನ ಏಳೇ ಇತ್ತು. ಹತ್ತಾಯಿತು, ಹನ್ನೆರಡಾಯಿತು. ಹದಿಮೂರಕ್ಕೆ ‘ಇದ್ದೀನಿ’ ಎಂದು ಬಂತು. ಒಂದೇ ದಿನದಲ್ಲಿ ಆರು ತೂಗು ಸರಿದದ್ದು ನನ್ನ ಕಾಲದಲ್ಲಿ ಇರಲಿಲ್ಲ. ವಿಮಾನದಲ್ಲಿ ಹಿಡಿಸುವುದು ಮೂರು ಗಂಟೆಯ ಎಣ್ಣೆ, ಎಂದರೆ ಹನ್ನೆರಡು ತೂಗು. ಹದಿಮೂರೆಂದು ಹಲಗೆಯ ಮೇಲೆ ಬರೆದು, ಎರಡನೆಯ ಸಾಲಿನಲ್ಲಿ ‘ಇಂದು ಹಾರಾಟವಿಲ್ಲ’ ಎಂದು ಬರೆದೆ. ನನ್ನ ದುಂಡಗಿನ ಅಕ್ಷರವನ್ನು ಆ ದಿನ ಯಾರೂ ಹೊಗಳಲಿಲ್ಲ.

ಮರುದಿನ ಹದಿನಾಲ್ಕು. ಅದರ ಮರುದಿನ ಹದಿಮೂರು. ಒಂದು ದಿನ ಹನ್ನೆರಡೂವರೆಗೆ ಬಂದು ಆಸೆ ಹುಟ್ಟಿಸಿ ಮತ್ತೆ ಹದಿಮೂರಕ್ಕೆ ಹೋಯಿತು. ಇದಕ್ಕೊಂದು ನಿಯಮ ಇತ್ತು. ದೂರ ಹನ್ನೆರಡರ ಮೇಲೆ ಇಪ್ಪತ್ತೊಂದು ದಿನ ಸತತವಾಗಿ ನಿಂತರೆ ಆ ದಾರಿಯನ್ನೇ ಮುಚ್ಚಿ, ವಿಮಾನವನ್ನು ಉತ್ತರದ ಕಡೆಯ ಬೇರೆ ದಾರಿಗೆ ಕಳಿಸಿಬಿಡುತ್ತಾರೆ. ಮುಚ್ಚಿದ ದಾರಿಯನ್ನು ಮತ್ತೆ ತೆರೆದದ್ದು ಯಾರಿಗೂ ನೆನಪಿಲ್ಲ. ಎಂದರೆ ಯಾರು ಯಾವ ಊರಿನಲ್ಲಿದ್ದಾರೋ ಅವರು ಅಲ್ಲೇ. ಶ್ರೀಪಾದ ಆಚೆಗೆ, ನಾನು ಈಚೆಗೆ. ವಿಮಾನವಿಲ್ಲದೆ ಕಾಗದವೂ ಇಲ್ಲ. ತಂತಿಯಲ್ಲಿ ಒಂದೇ ಒಂದು ಸಲ, ಶ್ರೀಪಾದ ಚೆನ್ನಾಗಿದ್ದಾರಾ ಎಂದು ಕೇಳಬೇಕೆಂದು ನಾಲಿಗೆಯ ತುದಿಗೆ ಬರುತ್ತಿತ್ತು. ಕೇಳಿದ್ದರಿಂದ ದೂರ ಇನ್ನಷ್ಟು ಕೆಟ್ಟರೆ ಎಂದು ಹೆದರಿ ನುಂಗಿಕೊಳ್ಳುತ್ತಿದ್ದೆ.

ಒಂದು ವಿಷಯ ಮಾತ್ರ ಮೊದಲ ದಿನದಿಂದಲೂ ನನ್ನನ್ನು ಕೊರೆಯುತ್ತಿತ್ತು. ಊರು ದೂರ ಸರಿದ ದಿನಗಳಲ್ಲಿ ಸಾಹೇಬರ ದನಿ ಬಾವಿಯೊಳಗಿಂದ ಬಂದ ಹಾಗೆ ಸಣ್ಣಗೆ ಕೇಳಿಸುತ್ತದೆ. ಹನ್ನೊಂದರ ದಿನಗಳಲ್ಲಿ ನಾನು ಉಸಿರು ಹಿಡಿದು ಕೇಳಬೇಕಿತ್ತು. ಈಗ ಹದಿಮೂರಿದ್ದರೂ ದನಿ ದುಂಡಾಗಿ, ಪಕ್ಕದ ಕೋಣೆಯಿಂದ ಕರೆದಂತೆ ಬರುತ್ತಿತ್ತು. ಅವರ ಕಿಟಕಿಯ ಪಾರಿವಾಳಗಳ ಗುಟುರು ಕೂಡ ಕೇಳಿಸುತ್ತಿತ್ತು. ಹೇಳೋಣವೆಂದರೆ, ನಮ್ಮ ಕೆಲಸ ಎಣಿಸುವುದು, ದನಿ ಹೇಗಿದೆ ಎಂದು ನೋಡುವುದಲ್ಲ. ಗಂಡ ಆಚೆಗೆ ಸಿಕ್ಕಿಕೊಂಡದ್ದಕ್ಕೆ ಇವಳಿಗೆ ಹಾಗೆ ಕೇಳಿಸುತ್ತಿದೆ ಎನ್ನುತ್ತಾರೆ. ನನಗೇ ಹಾಗೆ ಅನ್ನಿಸುತ್ತಿತ್ತು.

ಹದಿನೇಳನೆಯ ದಿನ ನನಗೆ ನೆಗಡಿ. ‘ಇದ್ದೀರಾ?’ ಎಂದು ಕೇಳಿ ಗುಂಡು ಬಿಟ್ಟು ಇನ್ನೂ ಕೈ ಹಿಂದಕ್ಕೆ ತೆಗೆದಿಲ್ಲ, ಫೋನಿನೊಳಕ್ಕೇ ಒಂದು ಸೀನು ಸೀನಿಬಿಟ್ಟೆ. ನಾಚಿಕೆಯಿಂದ ಮುಖ ಒರೆಸಿಕೊಳ್ಳುತ್ತ ಎಣಿಕೆ ತಪ್ಪದ ಹಾಗೆ ನೋಡಿಕೊಂಡೆ. ಏಳನೆಯ ತೂಗು ಮುಗಿದಾಗ ಆ ತುದಿಯಲ್ಲಿ ಯಾರೋ ಹೆಂಗಸು ಕಿಸಕ್ಕನೆ ನಕ್ಕಳು. ಆಮೇಲೆ ಎಂಟು, ಒಂಬತ್ತು, ಹತ್ತು ಎಂದು ಗುಂಡು ಆಡುತ್ತಲೇ ಇತ್ತು. ಹದಿಮೂರಕ್ಕೆ ಸಾಹೇಬರು ‘ಇದ್ದೀನಿ’ ಎಂದರು. ನಾನು ‘ಹದಿಮೂರು’ ಎಂದು ಹೇಳಿ ಫೋನ್ ಇಟ್ಟು, ಎಷ್ಟೋ ಹೊತ್ತು ಆ ಗುಂಡನ್ನೇ ನೋಡುತ್ತ ಕೂತೆ.

ನನ್ನ ಸೀನಿಗೇ ಅವಳು ನಕ್ಕಿದ್ದರೆ, ಸೀನು ಹೋಗಿ ನಗು ಬರಲು ಏಳು ತೂಗು ಸಾಕಾಯಿತು. ಹಾಗಾದರೆ ಊರು ಏಳರಲ್ಲೇ ಇದೆ, ಎಂದಿನಂತೆ. ಹಾಗಾದರೆ ಮಿಕ್ಕ ಆರು ತೂಗು ಯಾವುದರದ್ದು? ಆಗ ಉತ್ತರ ಹೊಳೆಯಿತು. ದೂರ ಸರಿದದ್ದು ಊರಲ್ಲ. ತಡವಾಗುತ್ತಿರುವುದು ಸಾಹೇಬರಿಗೆ.

ನಮ್ಮ ಕಚೇರಿಯ ದೂರಾಧಿಕಾರಿ ಗುರುಸಿದ್ಧಯ್ಯನವರ ಹತ್ತಿರ ಹೋದೆ. ನಿಯಮದ ಪುಸ್ತಕವನ್ನು ಊಟದ ಡಬ್ಬಿಗಿಂತ ಜೋಪಾನವಾಗಿ ಇಟ್ಟುಕೊಳ್ಳುವ ಮನುಷ್ಯ ಅವರು. ಎಲ್ಲ ಕೇಳಿ, ಆ ಹೆಂಗಸು ತನ್ನ ಪಾಡಿಗೆ ತಾನು ಯಾವುದಕ್ಕೋ ನಕ್ಕಿರಬಹುದು ಎಂದರು. ನಾಳೆ ನೀವೇ ಬಂದು ಪಕ್ಕದಲ್ಲಿ ಕೂತು ಎಣಿಸಿ ಎಂದೆ. ಆದರೆ ಬೇಕೆಂದಾಗ ಸೀನು ಬರಬೇಕಲ್ಲ. ಬೇರೆ ಮಾತು ಆಡಬಾರದು ಎಂದಿದೆ, ಸೀನಬಾರದು ಎಂದು ಎಲ್ಲೂ ಬರೆದಿಲ್ಲ. ಅಮ್ಮನ ನಶ್ಯದ ಡಬ್ಬಿ ಕೇಳಿದೆ. ನಲವತ್ತು ವರ್ಷದಿಂದ ನಶ್ಯ ಬಿಡು ಎಂದು ಕಾಡಿದ ನಾನೇ ಕೈ ಚಾಚಿದ್ದಕ್ಕೆ ಅಮ್ಮನಿಗೆ ಎಲ್ಲಿಲ್ಲದ ಸಂಭ್ರಮ. ಒಂದು ಚಿಟಿಕೆ ಸಾಕು, ಹೆಚ್ಚಿಗೆ ಎಳೆದರೆ ನೆತ್ತಿಗೇರುತ್ತದೆ ಎಂದು ಹೇಳಿಕೊಟ್ಟಳು.

ಹದಿನೆಂಟನೆಯ ದಿನ ಬೆಳಿಗ್ಗೆ ಗುರುಸಿದ್ಧಯ್ಯನವರು ಬಂದು ಪಕ್ಕದಲ್ಲಿ ಕೂತು, ಮೂತಿ ಬಿಗಿದುಕೊಂಡು ಫೋನಿಗೆ ಕಿವಿ ಕೊಟ್ಟರು. ನಾನು ನಶ್ಯ ಏರಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು, ‘ಇದ್ದೀರಾ?’ ಎಂದು ಗುಂಡು ಬಿಟ್ಟ ಕೂಡಲೇ ಬಯಲಿಗೆಲ್ಲ ಕೇಳಿಸುವಂತೆ ಸೀನಿದೆ. ಏಳಕ್ಕೆ ನಗು ಬಂತು. ಹದಿಮೂರಕ್ಕೆ ‘ಇದ್ದೀನಿ’ ಬಂತು. ಗುರುಸಿದ್ಧಯ್ಯನವರು ಕರವಸ್ತ್ರದಿಂದ ಹಣೆ ಒರೆಸಿಕೊಂಡು, ದಿನಾ ಬೆಳಿಗ್ಗೆ ಅದೇ ಹೊತ್ತಿಗೆ ನಗುವ ಹೆಂಗಸೂ ಇರಬಹುದಲ್ಲ ಎಂದರು. ಹಾಗೆಂದರೂ ಅವರ ದನಿಯಲ್ಲಿ ಹಿಂದಿನ ದಿನದ ಗಟ್ಟಿತನ ಇರಲಿಲ್ಲ. ಪುಸ್ತಕ ತೆರೆದು ತುಂಬ ಹೊತ್ತು ಹಾಳೆ ತಿರುವಿ, ಕೊನೆಗೆ ಬೆರಳಿಟ್ಟು ಒಂದು ಸಾಲು ಓದಿದರು: ಅಳತೆಯ ವಿಷಯದಲ್ಲಿ ಅಳೆಯುವವರಿಗೇ ಅನುಮಾನ ಬಂದಲ್ಲಿ ಅಳೆಯುವವರೇ ಹಾರಿ ನೋಡತಕ್ಕದ್ದು.

“ಯೋಚನೆ ಮಾಡಿ, ಇಂದುಮತಿಯವ್ರೇ,” ಎಂದರು. “ನೀವು ಅಂದ್ಕೊಂಡಿದ್ದು ತಪ್ಪಾದ್ರೆ ಅಲ್ಲಿಗೂ ಸೇರಲ್ಲ, ಇಲ್ಲಿಗೂ ಬರಲ್ಲ.”

ಅದು ಹೆದರಿಸಲು ಹೇಳಿದ ಮಾತಲ್ಲ. ಎರಡು ಊರಿನ ನಡುವಿನ ಬಯಲಿನಲ್ಲಿ ಎಷ್ಟೋ ವರ್ಷದ ಹಿಂದೆ ಒಂದು ವಿಮಾನ ಎಣ್ಣೆ ಮುಗಿದು ಇಳಿದಿತ್ತು. ಅದರಲ್ಲಿದ್ದವರು ನಡೆದು ಊರು ಮುಟ್ಟಲು ಒಂದೂವರೆ ವರ್ಷ ಹಿಡಿಯಿತು. ಒಂದು ದಿನ ಇಪ್ಪತ್ತು ಮೈಲಿ ನಡೆದಿದ್ದರೆ ಮರುದಿನ ಊರು ಐವತ್ತು ಮೈಲಿ ಆಚೆಗೆ ಹೋಗಿರುತ್ತಿತ್ತಂತೆ. ಹೋದವರು ಎಂಟು ಜನ, ಬಂದವರು ಮೂರು.

ಪೈಲಟ್ ರೊಸಾರಿಯೊ ವಿಮಾನದ ರೆಕ್ಕೆಯ ನೆರಳಿನಲ್ಲಿ ಕೂತು ಏಲಕ್ಕಿ ಜಗಿಯುತ್ತಿದ್ದರು. ಹದಿನೆಂಟು ದಿನ ನೆಲದ ಮೇಲಿದ್ದು ಅವರಿಗೂ ಸಾಕಾಗಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿ, ನಗು ಯಾವತ್ತೂ ಸುಳ್ಳು ಹೇಳುವುದಿಲ್ಲ ಎಂದು ಎದ್ದು ನಿಂತರು. ನೀವು ನನ್ನ ಪಕ್ಕದಲ್ಲಿ ಕೂರುವುದಾದರೆ ಮಾತ್ರ ಎಂದೂ ಸೇರಿಸಿದರು. ಗುರುಸಿದ್ಧಯ್ಯನವರು ತಮ್ಮ ಕೈಗಡಿಯಾರ ಬಿಚ್ಚಿ ನನ್ನ ಕೈಗೆ ಕಟ್ಟಿದರು, ಅದು ಒಂದು ಸೆಕೆಂಡೂ ಹಿಂದೆ ಬೀಳುವುದಿಲ್ಲವಂತೆ. ಅಮ್ಮ ಚಪಾತಿಯ ಡಬ್ಬಿ ತಂದು ಕೊಟ್ಟಳು. ಅಳುವವಳಲ್ಲ ಅವಳು. “ನನ್ನ ನಶ್ಯದ ಡಬ್ಬಿ ನಿನ್ಹತ್ರಾನೇ ಇದೆ, ವಾಪಸ್ ತಂದ್ಕೊಡು,” ಎಂದಳು, ಅಷ್ಟೇ. ಹಿತ್ತಾಳೆ ಗುಂಡನ್ನು ದಾರದ ಸಮೇತ ಕೈಚೀಲದಲ್ಲಿ ಹಾಕಿಕೊಂಡು ನಾನು ವಿಮಾನ ಹತ್ತಿದೆ. ಯಾಕೆ ಹಾಕಿಕೊಂಡೆನೋ ಗೊತ್ತಿಲ್ಲ. ಬಿಟ್ಟು ಹೋಗಲು ಕೈ ಬರಲಿಲ್ಲ.

ಹಾರುವುದೆಂದರೆ ಏನೆಂದು ಆ ದಿನ ಗೊತ್ತಾಯಿತು. ಮೊದಲ ಕಾಲು ಗಂಟೆ ಸೀಟಿನ ಕಂಬಿ ಹಿಡಿದು ಕಣ್ಣು ಮುಚ್ಚಿದ್ದೆ. ಆಮೇಲೆ ಕಣ್ಣು ಬಿಟ್ಟರೆ ಕೆಳಗೆ ಹಳದಿ ಬಯಲು, ಎಲ್ಲಿ ನೋಡಿದರೂ ಅದೇ ಬಯಲು. ಒಂದು ಮರವಿಲ್ಲ, ಒಂದು ಗುಡಿಸಲಿಲ್ಲ. ರೊಸಾರಿಯೊ ನನ್ನನ್ನು ಮಾತಿಗೆಳೆಯಲು ನೋಡಿದರು. ತಮ್ಮ ಹೆಂಡತಿಗೆ ಹೇಳದೇ ಬಂದಿದ್ದರಂತೆ, ಹಿಂತಿರುಗಿದ ಮೇಲೆ ಆಕೆಯ ಕೈಯಿಂದ ಪಾರಾಗುವುದೇ ಈ ಬಯಲು ದಾಟುವುದಕ್ಕಿಂತ ಕಷ್ಟವಂತೆ. ನನಗೆ ನಗಲು ಆಗಲಿಲ್ಲ. ನನ್ನ ಕಣ್ಣು ಕೈಗಡಿಯಾರದ ಮೇಲೆಯೇ ಇತ್ತು.

ಲೆಕ್ಕ ಸುಲಭವಾಗಿತ್ತು. ಊರು ಏಳು ತೂಗಿನಲ್ಲಿದ್ದರೆ ಒಂದೂಮುಕ್ಕಾಲು ಗಂಟೆಗೆ ಕಾಣಬೇಕು. ಆದರೆ ಒಂದೂವರೆ ಗಂಟೆಗೇ ಅರ್ಧ ಎಣ್ಣೆ ಮುಗಿದಿರುತ್ತದೆ. ಆಗ ತಿರುಗಿದರೆ ಮನೆಗೆ ಸೇರಬಹುದು, ತಿರುಗದೆ ಮುಂದೆ ಹೋದರೆ ಮನೆಯ ದಾರಿ ಇಲ್ಲ. ಒಂದೂವರೆ ಗಂಟೆಯಾದಾಗ ಮುಂದೆ ಬಯಲು ಬಿಟ್ಟು ಏನೂ ಕಾಣಲಿಲ್ಲ. ದೂರದಲ್ಲಿ ಮಂಜು ಕವಿದಿತ್ತು.

“ಹೇಳಿ ಮೇಡಮ್,” ಎಂದರು ರೊಸಾರಿಯೊ. ಏಲಕ್ಕಿ ಜಗಿಯುವುದು ನಿಂತಿತ್ತು. “ತಿರುಗಿಸ್ಲಾ, ಹೋಗ್ಲಾ? ಈಗ್ಲೇ ಹೇಳ್ಬೇಕು.”

ಹತ್ತೊಂಬತ್ತು ವರ್ಷ ನಾನು ಸಂಖ್ಯೆ ಹೇಳಿದ್ದೇನೆ, ಹಾರಿದವರು ಬೇರೆಯವರು. ನನ್ನ ಸಂಖ್ಯೆಯ ಮೇಲೆ ಗರ್ಭಿಣಿಯರು ಹಾರಿದ್ದಾರೆ, ಬಾಣಂತಿಯರು ಹಾರಿದ್ದಾರೆ, ಶ್ರೀಪಾದ ನೂರಾರು ಸಲ ಹಾರಿದ್ದಾರೆ. ಅವರೆಲ್ಲ ಹೇಗೆ ಅಷ್ಟು ನಿಶ್ಚಿಂತೆಯಿಂದ ಕೂತಿರುತ್ತಿದ್ದರು ಎಂದು ಆಗ ಮೊದಲ ಸಲ ಆಶ್ಚರ್ಯವಾಯಿತು. ಸಾಹೇಬರ ದನಿಯನ್ನು ನೆನೆದುಕೊಂಡೆ. ಅದು ಹತ್ತಿರದ ದನಿ. ಕಿವಿಯ ಮೇಲೆ ನನಗೆ ನಂಬಿಕೆ ಇತ್ತು, ಹಾಗೆಂದು ಹೇಳುವ ಧೈರ್ಯ ಮಾತ್ರ ಅಲ್ಲಿಯವರೆಗೆ ಇರಲಿಲ್ಲ. “ಹೋಗಿ,” ಎಂದೆ.

ಅದಾದ ಮೇಲಿನ ಹನ್ನೆರಡು ನಿಮಿಷದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಮನೆದೇವರಿಗೆ ಹೊತ್ತ ಹರಕೆಗಳ ಪಟ್ಟಿ ಕೊಟ್ಟರೆ ನೀವು ನಗುತ್ತೀರಿ. ಒಂದು ಗಂಟೆ ನಲವತ್ತೆರಡು ನಿಮಿಷಕ್ಕೆ ರೊಸಾರಿಯೊ ಬೆರಳು ಚಾಚಿದರು. ಮಂಜಿನ ಕೆಳಗೆ ಒಂದು ನೀರಿನ ಟ್ಯಾಂಕ್, ಅದರ ಪಕ್ಕ ಬಿಳಿ ಮಿನಾರು, ಆಮೇಲೆ ಒಂದು ಹೆಂಚಿನ ಮಾಡು, ಆಮೇಲೆ ಸಾಲು ಸಾಲು ಮಾಡುಗಳು. ಮಹಡಿಯ ಮೇಲೆ ಬಟ್ಟೆ ಒಣಗಿಸುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿ ನೋಡಿ ಕೈಯಲ್ಲಿದ್ದ ಸೀರೆಯನ್ನು ಹಾಗೇ ಬಿಟ್ಟಳು. ನನಗೆ ಹೋದ ಜೀವ ಬಂದಂತಾಯಿತು. ದೇವರಾಣೆಗೂ ಹೇಳುತ್ತೇನೆ, ಅಷ್ಟು ಚಂದದ ನೀರಿನ ಟ್ಯಾಂಕನ್ನು ನಾನು ಹುಟ್ಟಿದ ಮೇಲೆ ನೋಡಿಲ್ಲ. ಅಳುತ್ತಿದ್ದೇನೆ ಎಂದು ಗೊತ್ತಾದದ್ದು ರೊಸಾರಿಯೊ ತಮ್ಮ ಕೈವಸ್ತ್ರ ಕೊಟ್ಟಾಗ. ಅವರ ಕಣ್ಣೂ ಒಣಗಿರಲಿಲ್ಲ.

ವಿಮಾನದ ಸದ್ದು ಕೇಳಿ ಊರಿಗೆ ಊರೇ ಬಯಲಿಗೆ ಓಡಿ ಬಂದಿತ್ತು. ಅವರ ನಡುವೆ ಶ್ರೀಪಾದ ನಿಂತಿದ್ದರು. ಕಾಲಲ್ಲಿ ಹೊಸ ಬೂಟು, ಬೆನ್ನಿಗೆ ಒಂದು ಗಂಟು, ಕೈಯಲ್ಲಿ ಒಂದು ದೊಣ್ಣೆ. ನನ್ನನ್ನು ಕಂಡು ಅವರ ಬಾಯಿ ತೆರೆದದ್ದು ಮುಚ್ಚಲಿಲ್ಲ. ಇದೇನು ವೇಷ ಎಂದು ಕೇಳಿದೆ.

“ನಡ್ಕೊಂಡ್ ಬರೋಣ ಅಂತ,” ಎಂದರು. “ದಿನಕ್ಕೆ ಹದಿನೈದು ಮೈಲಿ ಅಂದ್ರೂ ನಲವತ್ಮೂರು ದಿನ. ಅವಲಕ್ಕಿ ಕಟ್ಕೊಂಡಿದೀನಿ, ಇಂದೂ. ನಾಳೆ ಹೊರಡೋದಿತ್ತು, ಬೂಟು ಕಚ್ಚುತ್ತಾ ಅಂತ ನೋಡ್ತಾ ಇದ್ದೆ.”

ಆ ಬಯಲಿಗೆ ಕಾಲಿಟ್ಟವರ ಗತಿ ಗೊತ್ತಿದ್ದೂ ಹೊರಟಿದ್ದರು. ಮೊಣಕಾಲು ನೋವೆಂದು ಮಹಡಿ ಹತ್ತಲು ಹಿಂದೆಮುಂದೆ ನೋಡುವ ಮನುಷ್ಯ. ನಾನು ಒಂದು ದಿನ ತಡವಾಗಿ ಬಂದಿದ್ದರೆ ಸಿಗುತ್ತಲೇ ಇರಲಿಲ್ಲ. ಜನರೆಲ್ಲ ನೋಡುತ್ತಿದ್ದಾರೆ ಎಂಬುದನ್ನೂ ಮರೆತು ಅವರನ್ನು ಅಲ್ಲೇ ನಿಲ್ಲಿಸಿ ಚೆನ್ನಾಗಿ ಬೈದೆ. ಬುದ್ಧಿ ಎಲ್ಲಿಟ್ಟಿದ್ದೀರಿ ಎಂದೆ, ಅವಲಕ್ಕಿ ನಲವತ್ಮೂರು ದಿನ ಬರುತ್ತದೆಯೇ ಎಂದೆ. ಅವರು ನಗುತ್ತ ಬೈಸಿಕೊಂಡರು. ಬೈದು ಮುಗಿದ ಮೇಲೆ ಅವರ ಅಂಗಿಯ ತೋಳು ಹಿಡಿದುಕೊಂಡವಳು ಸಾಹೇಬರ ಕಚೇರಿಯ ಬಾಗಿಲ ತನಕ ಬಿಡಲಿಲ್ಲ.

ಬಾಗಿಲಲ್ಲಿ ಒಬ್ಬಳು ಹೆಂಗಸು ನಿಂತಿದ್ದಳು, ಮೂವತ್ತರ ಆಚೀಚೆ ವಯಸ್ಸು. ಸಾಹೇಬರ ಸೊಸೆ ಖತೀಜಾ. ನಾನು ಯಾರೆಂದು ಹೇಳಿದ ಕೂಡಲೇ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಸೀನಿದ್ದಕ್ಕೆ ನಕ್ಕದ್ದು ತಪ್ಪಾಯಿತು ಎಂದಳು. ನೀನು ನಗದೇ ಇದ್ದಿದ್ದರೆ ನಾವೆಲ್ಲ ಮುಳುಗಿಹೋಗುತ್ತಿದ್ದೆವು ತಾಯಿ ಎಂದು ನಾನು ಅವಳ ಕೈ ಹಿಡಿದುಕೊಂಡೆ. ಆಮೇಲೆ ಮೆಲ್ಲಗೆ ವಿಷಯ ತಿಳಿಯಿತು. ಮೊದಲು ಹದಿಮೂರು ಬಂದ ಆ ಮಂಗಳವಾರದ ಹಿಂದಿನ ಸಂಜೆ ಸಾಹೇಬರಿಗೆ ಲಕ್ವ ಬಡಿದಿತ್ತು. ಬಲಗೈ ಬಿದ್ದುಹೋಗಿತ್ತು. ಮಾತು ಉಳಿದಿತ್ತು. ಡಾಕ್ಟರು ಮಲಗಿರಿ ಎಂದರೂ ಕೇಳದೆ, ಬೆಳಿಗ್ಗೆ ತಂತಿಯ ಹತ್ತಿರ ತನ್ನನ್ನು ಕೂರಿಸಲೇಬೇಕು ಎಂದು ಹಟ ಹಿಡಿದರು. ಮಾರನೆಯ ದಿನದಿಂದ ಅವಳೇ ಕೈ ಹಿಡಿದು ಕರೆತಂದು ಕೂರಿಸುತ್ತಿದ್ದಳು.

ಹೇಳಲು ತಡವಾಗುತ್ತಿದೆ ಎಂದು ನಿನಗೆ ಗೊತ್ತಾಗಲಿಲ್ಲವೇ ಎಂದು ಕೇಳಿದೆ. ಅವಳ ಮುಖ ಬಾಡಿತು.

“ನಾನು ಮುಂಚೆ ಯಾವತ್ತೂ ಈ ರೂಮಿಗೆ ಬಂದೋಳಲ್ಲ ಅಕ್ಕಾ,” ಎಂದಳು. “ಮಾವ ಮನಸ್ಸಲ್ಲೇ ಏನೋ ಎಣಿಸ್ಕೊಂಡು ಆಮೇಲೆ ಹೇಳ್ತಾರೆ, ಕೆಲಸಾನೇ ಹಂಗೆ ಅಂದ್ಕೊಂಡೆ. ಅವ್ರಿಗೂ ಗೊತ್ತಿಲ್ಲ. ಅವ್ರ ಪ್ರಕಾರ ಕೇಳಿದ್ ತಕ್ಷಣಾನೇ ಹೇಳ್ತಾರೆ. ಗೊತ್ತಾದ್ರೆ ಜೀವ ಬಿಟ್ಬಿಡ್ತಾರೆ.”

ಎರಡು ಊರೂ ಹದಿನೆಂಟು ದಿನ ನರಳಿದ್ದು ತನ್ನ ಒಂದು ಮಾತಿನಿಂದ ಎಂದು ತಿಳಿದರೆ ಯಾರು ತಾನೇ ತಡೆದುಕೊಂಡಾರು? ತಿಳಿಸುವುದು ಯಾಕೆ ಎಂದು ನಾನು ಆ ಬಾಗಿಲಲ್ಲಿ ನಿಂತೇ ತೀರ್ಮಾನಿಸಿದೆ. ಆರು ಕಳೆದರೆ ಮುಗಿಯಿತಲ್ಲ. ಇದನ್ನು ಆಮೇಲೆ ಗುರುಸಿದ್ಧಯ್ಯನವರಿಗೆ ಹೇಳಿದಾಗ ಅವರು ಒಂದು ವಾರ ಒದ್ದಾಡಿದರು. ಕೊನೆಗೆ ಪುಸ್ತಕದಲ್ಲಿ ತಮ್ಮ ಕೈಯಾರೆ ಒಂದು ಸಾಲು ಸೇರಿಸಿದರು: ಈಗ ಉತ್ತರಿಸುತ್ತಿರುವವರ ಉತ್ತರದಲ್ಲಿ ಆರು ತೂಗು ಕಳೆಯತಕ್ಕದ್ದು, ಅದು ಆರೇ ಇದೆಯೇ ಎಂದು ಅಳೆಯುವವರು ತಿಂಗಳಿಗೊಮ್ಮೆ ಹಾರಿ ಹೋಗಿ ನೋಡಿಬರತಕ್ಕದ್ದು. ಆ ಎರಡನೆಯ ಭಾಗ ನಿಯಮಕ್ಕೆ ಬೇಕಿತ್ತೋ, ನನ್ನ ಗಂಡ ಅಲ್ಲಿದ್ದಾರೆಂದು ಸೇರಿಸಿದರೋ ನಾನು ಕೇಳಿಲ್ಲ. ಕೇಳಿದರೆ ಅಳಿಸಿಬಿಟ್ಟಾರು.

ಒಳಗೆ ಹೋದೆ. ಸಣ್ಣ ಕೋಣೆ, ಕಿಟಕಿಯಲ್ಲಿ ಪಾರಿವಾಳಗಳು. ಮೇಜಿನ ಮೇಲೆ ನನ್ನದರಂಥದೇ ಫೋನು, ಪಕ್ಕದಲ್ಲಿ ಬಿಚ್ಚಿಟ್ಟ ದಪ್ಪ ಪುಸ್ತಕ. ಬಿಳಿ ಗಡ್ಡದ ತೆಳ್ಳನೆಯ ಮನುಷ್ಯ ಕುರ್ಚಿಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ನಾನು ಸದ್ದು ಮಾಡದೆ ಮೇಜಿನ ಅಂಚಿಗೆ ದಾರ ಕಟ್ಟಿ ಗುಂಡು ಇಳಿಬಿಟ್ಟೆ. ಅವರಿಗೂ ನನಗೂ ನಡುವೆ ಒಂದು ಮೊಳವಿದ್ದರೆ ಹೆಚ್ಚು. ಎಷ್ಟು ಕಳೆಯಬೇಕೆಂದು ನಾನೇ ಅಳೆದು ನೋಡಿಕೊಳ್ಳಬೇಕಿತ್ತು, ಅದು ಕೆಲಸ.

“ಇದ್ದೀರಾ?” ಎಂದು ಕೇಳಿ ಗುಂಡು ಬಿಟ್ಟೆ.

ಅವರ ಬೆನ್ನು ನೆಟ್ಟಗಾಯಿತು. ಒಂದು. ಎರಡು. ತಲೆ ನಿಧಾನವಾಗಿ ನನ್ನ ಕಡೆ ತಿರುಗಿತು. ಮೂರು. ಕಣ್ಣು ನನ್ನನ್ನು ಕಂಡಿತು. ನಾಲ್ಕು. ಕಣ್ಣು ತುಂಬಿತು. ಐದು. ತುಟಿ ಆಡಿತು. ಆರು.

“ಇದ್ದೀನಿ,” ಎಂದರು. ಹತ್ತೊಂಬತ್ತು ವರ್ಷದಿಂದ ಕೇಳಿದ ಅದೇ ದನಿ.

ಅವರು ಎಡಗೈಯಲ್ಲಿ ಪೆನ್ನು ಹಿಡಿದು, ಪುಸ್ತಕದ ಮೇಲೆ ಬಾಗಿ, ಎಂದಿನಂತೆ ನನ್ನ ಸಂಖ್ಯೆಗೆ ಕಾದರು. ನನ್ನ ಸಂಖ್ಯೆಯನ್ನು ಅವರು ಯಾವತ್ತೂ ಅನುಮಾನಿಸಿದವರಲ್ಲ, ನಾನು ಯಾವತ್ತೂ ಗುಂಡು ಹೇಳಿದ್ದನ್ನು ಬಿಟ್ಟು ಬೇರೆ ಹೇಳಿದವಳಲ್ಲ. ಆ ದಿನ ಹೇಳಿದೆ.

“ಸೊನ್ನೆ.”

ಸಾಹೇಬರು ಎಡಗೈಯಲ್ಲಿ, ಮಗು ಬರೆದ ಹಾಗೆ, ಒಂದು ಸೊಟ್ಟ ಸೊನ್ನೆ ಬರೆದರು. ಅದನ್ನೇ ನೋಡುತ್ತ ಕೂತರು. ನಾನು ಕೈ ಚಾಚಿ ಗುಂಡನ್ನು ಹಿಡಿದು ನಿಲ್ಲಿಸಿ, ಎಣಿಸದೆ ಕಾದೆ.

“ಇಷ್ಟು ಹತ್ರ ಯಾವತ್ತೂ ಬಂದಿರ್ಲಿಲ್ಲ ತಾಯಿ,” ಎಂದರು.